ಕೋಟೆಯ ದಾರಿಯಲ್ಲಿ ಒಂದು ಮಡಕೆ ರಾಗಿ

ಮಾರ್ಗಶಿರ ಮಾಸದ ಒಂದು ಮುಂಜಾನೆ ನಾವು ಕೃಷ್ಣರಾಜನಗರದಿಂದ ಹೊರಟು ಹುಣಸೂರಿನ ಮೇಲೆ ಹೆಗ್ಗಡದೇವನಕೋಟೆಗೆ ಪ್ರಯಾಣ ಮಾಡಿದೆವು. ಕಾವೇರಿ ನಾಲೆಗಳ ಬತ್ತದ ಬಯಲು ಹಿಂದಾದೊಡನೆ ಕೆಂಪು ನೆಲವು ಕಾಣಿಸಿಕೊಂಡಿತು. ಹೊಗೆಸೊಪ್ಪಿನ ಬ್ಯಾರನ್ನುಗಳು ಆ ವರ್ಷದ ಬೆಂಕಿಯನ್ನಾರಿಸಿ ತಣ್ಣಗೆ ನಿಂತಿದ್ದುವು. ಹುಣಸೂರು, ಪಿರಿಯಾಪಟ್ಟಣ, ಕೋಟೆ, ಈ ಸೀಮೆಯಲ್ಲಿ ಕೈಗೆ ಕಾಸು ತರುವುದು ಹೊಗೆಸೊಪ್ಪು. ಹೊಟ್ಟೆಗೆ ಆಧಾರವಾದುದು ರಾಗಿ.

ಕೋಟೆಯ ಸಮೀಪದ ಹಳ್ಳಿಯೊಂದರಲ್ಲಿ ನಮ್ಮ ಬಂಧುಗಳ ಮನೆ. ಕಣದ ತುಂಬ ತೆನೆಯ ರಾಶಿ. "ಜಿ.ಪಿ.ಯು. 28. ಬೆಂಕಿ ರೋಗಕ್ಕೆ ಜಗ್ಗೋದಿಲ್ಲ" ಎಂದು ಯಜಮಾನರು ಹೆಮ್ಮೆಯಿಂದ ನುಡಿದರು. ಅವರ ತಾಯಿ ಮಾತನಾಡದೆ ಒಳಗೆ ಹೋಗಿ, ಬೂದಿ ಬೆರೆಸಿಟ್ಟಿದ್ದ ಒಂದು ಮಡಕೆಯನ್ನು ತಂದು ನಮ್ಮ ಮುಂದಿಟ್ಟರು.

"ಉಂಡೆ ರಾಗಿ ಕಣಪ್ಪ. ನಮ್ಮತ್ತೆ ಕಾಲದ್ದು. ಬಿತ್ತಿ ನಾಕು ವರ್ಷ ಆಯ್ತು. ಹುಟ್ಟುತ್ತದೋ ಇಲ್ಲವೋ."

ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಬಂದು ನಮ್ಮದೇ ಆಗಿಹೋಯಿತು. ಅದರ ಹೂವು ಕಣ್ಣಿಗೆ ಕಾಣುವುದೇ ಕಷ್ಟ. ಅರಳುವ ಮೊದಲೇ ತನ್ನ ಪರಾಗವನ್ನು ತಾನೇ ಪಡೆದು ಮುಗಿಸುತ್ತದೆ. ಆದುದರಿಂದ ಒಂದು ತಳಿಗೆ ಇನ್ನೊಂದನ್ನು ಕೂಡಿಸುವುದು ಬಹು ತಾಳ್ಮೆಯ ಕೆಲಸ. ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಪ್ರದೇಶದ ಕ್ಷೇತ್ರದಲ್ಲಿ ಡಾಕ್ಟರ್ ಲಕ್ಷ್ಮಣಯ್ಯನವರು ದಪ್ಪ ತೆನೆಯ ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಡನೆ ಬೆಸೆದರು. ಇಂಡಿಯ, ಆಫ್ರಿಕ ಎರಡನ್ನೂ ಸೇರಿಸಿ ಆ ತಳಿಗಳಿಗೆ ಇಂಡಾಫ್ ಎಂದು ಹೆಸರಾಯಿತು. ಬಹುಕಾಲ ದೂರವಿದ್ದ ಸೋದರತ್ತೆಯ ಮಗಳನ್ನು ಮನೆಗೆ ತಂದುಕೊಂಡಂತೆ! ಇಳುವರಿಯು ಬಹಳ ಏರಿತು. ಆ ಉಪಕಾರವನ್ನು ಮುದ್ದೆಯುಣ್ಣುವ ನಾಡು ಮರೆಯಲಾಗದು.

ಕಣದಲ್ಲಿದ್ದ ಜಿ.ಪಿ.ಯು. 28 ಕೂಡ ಇಂಡಾಫ್ 5ರ ಸಂತತಿಯೇ. ಬರವನ್ನು ತಾಳುವ ಎಂ.ಎಲ್. 365 ಸಹ ಅದೇ ಮನೆತನದ್ದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು 2017ರಲ್ಲಿ ಈ ತಳಿಯ ವಂಶವಾಹಿಗಳನ್ನು ಓದಿ, ಸುಮಾರು 85 ಸಾವಿರವನ್ನು ಗುರುತಿಸಿ ಪ್ರಕಟಿಸಿದರು. ಬರಕ್ಕೆ ಅಂಜದ ಗುಣವೆಲ್ಲಿ, ರೋಗವನ್ನು ತಡೆಯುವ ಗುಣವೆಲ್ಲಿ ಎಂದು ಹುಡುಕಲು ಇದೊಂದು ಕೈದೀಪ. ಆದರೆ ಹೊಲಗಳೆಲ್ಲ ಒಂದೇ ಮನೆತನದ ಮಕ್ಕಳಿಂದ ತುಂಬಿದರೆ ಅಪಾಯವೂ ಉಂಟು. ಬೆಂಕಿ ರೋಗದ ಬೂಷ್ಟು ವೇಷ ಬದಲಿಸಬಲ್ಲುದು. ಆಗ ಹೊಸ ತಡೆಯನ್ನು ತಳಿಗಾರರು ಇಂಥ ಮಡಕೆಗಳಲ್ಲಿಯೇ ಅರಸಬೇಕು. ಅಷ್ಟು ಹೊತ್ತಿಗೆ ಕಾಳಿನ ಜೀವ ಹೋಗಿದ್ದರೆ ಯಾವ ಓದೂ ಅದನ್ನು ಮರಳಿ ತರಲಾರದು.

ಇದನ್ನು ನಾವು ಹೇಳಿದಾಗ ಯಜಮಾನರು ನಕ್ಕರು. "ಹಳೇದು ಇಳುವರಿ ಕೊಡೋದಿಲ್ಲ ಸ್ವಾಮಿ. ಮಕ್ಕಳ ಫೀಜನ್ನು ಯಾರು ಕಟ್ಟುತ್ತಾರೆ?" ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಜ್ಜಿ ಮಾತ್ರ 20 ಕಾಳುಗಳನ್ನು ಎಣಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಒಲೆಯ ಬದಿಗಿಟ್ಟರು.

ನಾವು ಹೊರಡುವ ಮುಂಜಾನೆ ಗಂಟು ಬಿಚ್ಚಿದರು. 7 ಕಾಳು ಮೊಳೆತಿದ್ದುವು. ಯಜಮಾನರು ಬಗ್ಗಿ ಎರಡು ಬಾರಿ ಎಣಿಸಿದರು. ಬಳಿಕ, ಬಾವಿಯ ಮಗ್ಗುಲಿನ ಒಂದು ಮಡಿಯನ್ನು ಮುಂಗಾರಿಗೆ ಬಿಟ್ಟುಕೊಡುವುದಾಗಿ ತಾಯಿಗೆ ಹೇಳಿದರು.