ಟೊಲೆಡೊದ ಗೋಡೆಗತ್ತಿ ಮತ್ತು ಮಹಾದಳಪತಿ

ಟೊಲೆಡೊ, ಸ್ಪೇನ್

ಪೂಜ್ಯ ಚಿಕ್ಕಪ್ಪನವರಿಗೆ,

ತಾಹೊ ನದಿ ಮೂರು ಕಡೆಯಿಂದ ಬಳಸಿ ಹರಿಯುವ ಬಂಡೆಗುಡ್ಡದ ಮೇಲೆ ನೆಲೆನಿಂತ ಟೊಲೆಡೊ ನಗರದಲ್ಲಿ ಕತ್ತಿ ಮಾರುವ ಅಂಗಡಿಗಳಿಗೆ ಲೆಕ್ಕವಿಲ್ಲ. ಗೋಡೆಗೆ ತೂಗುಹಾಕಲೆಂದೇ ತಯಾರಾಗುವ ಅಲ್ಲಿಯ ಅಲಂಕಾರದ ಕತ್ತಿಗಳಲ್ಲಿ ಗೊನ್ಸಾಲೊ ಫೆರ್ನಾಂದೆಸ್ ದೆ ಕೊರ್ದೊಬಾನ ಹೆಸರಿನದು ವಿಶೇಷವಾಗಿ ಗಮನಕ್ಕೆ ಅರ್ಹವಾದುದು. 1453ರಲ್ಲಿ ಕೊರ್ದೊಬಾ ಸೀಮೆಯ ಮೊಂತಿಯಾ ಎಂಬ ಊರಿನಲ್ಲಿ ಹುಟ್ಟಿ 1515ರಲ್ಲಿ ಗ್ರಾನಾಡಾದಲ್ಲಿ ತೀರಿಕೊಂಡ ಈ ಸೇನಾನಿಯನ್ನು ಸ್ಪೇನಿನ ಜನ ಇಂದಿಗೂ 'ಎಲ್ ಗ್ರಾನ್ ಕಪಿತಾನ್', ಅಂದರೆ ಮಹಾದಳಪತಿ, ಎಂದೇ ಕರೆಯುತ್ತಾರೆ.

ಇಂತಹ ಪ್ರತಿಕೃತಿಗಳ ಅಲಗು ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲಿನದು. ಹಿಡಿ, ಹಿಡಿಯ ತುದಿಯ ದುಂಡನೆಯ ಬಿಲ್ಲೆ ಮತ್ತು ಕೈಗೆ ಏಟು ತಾಗದಂತೆ ತಡೆಯುವ ಅಡ್ಡಪಟ್ಟಿ, ಈ ಮೂರನ್ನೂ ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದು ಚಿನ್ನದ ಬಣ್ಣದ ಲೇಪ ಕೊಟ್ಟಿರುತ್ತಾರೆ. ಅಂಚಿಗೆ ಸಾಣೆ ಹಿಡಿದಿರುವುದಿಲ್ಲ. ಕ್ರೋಮಿಯಂ ಬೆರೆತ ಈ ಉಕ್ಕಿಗೆ ತುಕ್ಕು ಸುಲಭವಾಗಿ ಹಿಡಿಯದಿದ್ದರೂ, ಅದರಿಂದ ಮಾಡಿದ ಉದ್ದನೆಯ ಅಲಗು ಬಲವಾದ ಹೊಡೆತಕ್ಕೆ ಮುರಿಯಬಹುದು. ಹಳೆಯ ಟೊಲೆಡೊದ ಕಮ್ಮಾರರು ಮೆದು ಕಬ್ಬಿಣದ ತಿರುಳಿಗೆ ಎರಡೂ ಬದಿಯಲ್ಲಿ ಉಕ್ಕನ್ನು ಬೆಸೆದು, ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿ ಹದಗೊಳಿಸುತ್ತಿದ್ದುದರಿಂದ, ಅವರ ಅಲಗು ಬಾಗಿದರೂ ಮತ್ತೆ ನೆಟ್ಟಗಾಗುತ್ತಿತ್ತು.

ಇವುಗಳಿಗೆ ಮಾದರಿಯೆನಿಸಿದ ಮೂಲಖಡ್ಗ ಮ್ಯಾಡ್ರಿಡ್ ಅರಮನೆಯ ಆಯುಧಶಾಲೆಯಲ್ಲಿದೆ. ಅದೂ ಹೊನ್ನಿನ ಲೇಪದ, ಉಬ್ಬುಕೆತ್ತನೆಯ ಸಮಾರಂಭದ ಖಡ್ಗವೇ ಆಗಿರುವುದರಿಂದ, ಗೋಡೆಯ ಕತ್ತಿಯನ್ನು ಆಯುಧದ ನಕಲು ಎನ್ನುವುದಕ್ಕಿಂತ ಗೌರವಚಿಹ್ನೆಯ ನಕಲು ಎನ್ನುವುದೇ ಸರಿ. ಹಾಗೆಂದು ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಐದು ನೂರು ವರ್ಷಗಳ ಹಿಂದಿನ ಹೆಸರೊಂದು ಸಾಮಾನ್ಯರ ನಡುಮನೆಯಲ್ಲಿ ಉಳಿದುಕೊಂಡಿರುವುದು ದೊಡ್ಡ ಮಾತೇ ಸರಿ. ಕೊರತೆ ಇರುವುದು ಬೇರೆ ಕಡೆ: ಈ ಸೇನಾನಿಯ ನಿಜವಾದ ಹಿರಿಮೆಯನ್ನು ಖಡ್ಗವೊಂದೇ ಹೇಳಲಾರದು.

1503ರ ಏಪ್ರಿಲ್ 28ರಂದು ದಕ್ಷಿಣ ಇಟಲಿಯ ಚೆರಿನ್ಯೋಲಾದಲ್ಲಿ ಫ್ರೆಂಚರ ಸೇನೆ ಅವನಿಗೆ ಎದುರಾಯಿತು. ನೇಪಲ್ಸ್ ರಾಜ್ಯ ಯಾರದೆಂಬುದೇ ಅಲ್ಲಿಯ ಜಗಳ. ದ್ರಾಕ್ಷಿತೋಟದ ಇಳಿಜಾರಿನ ಬುಡದಲ್ಲಿದ್ದ ಹಳ್ಳವನ್ನು ಗೊನ್ಸಾಲೊ ತನ್ನ ಆಳುಗಳಿಂದ ಅಗಲವಾಗಿ ಅಗೆಸಿ, ತೆಗೆದ ಮಣ್ಣನ್ನು ಒಡ್ಡಾಗಿ ಪೇರಿಸಿ, ಅದರ ಹಿಂದೆ ಆರ್ಕೆಬಸ್ ಹಿಡಿದ ಪದಾತಿಗಳನ್ನು ನಿಲ್ಲಿಸಿದ. ಉರಿಯುವ ಬತ್ತಿಯಿಂದ ಮದ್ದಿಗೆ ಕಿಡಿ ತಾಗಿಸಿ ಹಾರಿಸುವ ಆ ಕಾಲದ ಕೋವಿಗೆ ಆರ್ಕೆಬಸ್ ಎಂದು ಹೆಸರು. ಕವಚಧಾರಿ ಕುದುರೆ ಸವಾರರು ಇಳಿಹೊತ್ತಿನಲ್ಲಿ ನುಗ್ಗಿ ಬಂದು ಅಗಳಿನ ಅಂಚಿನಲ್ಲಿ ತಡೆದು ನಿಂತರು. ದಾಟುವ ಜಾಗ ಹುಡುಕುತ್ತಿದ್ದಾಗಲೇ ಅವರ ದಂಡನಾಯಕ, ನೆಮೂರಿನ ಡ್ಯೂಕ್, ಗುಂಡೇಟಿಗೆ ಬಲಿಯಾದ. ಕೈಕೋವಿಗಳೇ ಸೋಲುಗೆಲುವನ್ನು ನಿರ್ಧರಿಸಿದ ಯುರೋಪಿನ ಮೊದಲ ದೊಡ್ಡ ಕಾಳಗಗಳಲ್ಲಿ ಇದನ್ನು ಇತಿಹಾಸಕಾರರು ಎಣಿಸುತ್ತಾರೆ. ಅದೇ ವರ್ಷದ ಡಿಸೆಂಬರಿನಲ್ಲಿ ಗರಿಲ್ಯಾನೊ ನದಿಗೆ ಸೇತುವೆ ಕಟ್ಟಿಸಿ ದಾಟಿ ಅವನು ಮತ್ತೆ ಗೆದ್ದ ಮೇಲೆ ನೇಪಲ್ಸ್ ಸ್ಪೇನಿನ ವಶವಾಯಿತು.

ಅವನ ದಂಡಿನಲ್ಲಿ ಕತ್ತಿಗೂ ಕೆಲಸವಿತ್ತು. 'ರೊದೆಲೆರೊ'ಗಳೆಂಬ, ದುಂಡು ಗುರಾಣಿ ಹಿಡಿದ ಪದಾತಿಗಳು ಶತ್ರುವಿನ ಉದ್ದನೆಯ ಈಟಿಗಳ ಕೆಳಗೆ ಬಗ್ಗಿ ನುಸುಳಿ, ಈಟಿ ತಿರುಗಿಸಲಾಗದಷ್ಟು ಹತ್ತಿರದಿಂದ ಇರಿಯುತ್ತಿದ್ದರು. ಆ ಕತ್ತಿಗಳು ಸಾದಾ ಕತ್ತಿಗಳು. ಹೊನ್ನಿನ ಲೇಪವಾಗಲಿ ಕೆತ್ತನೆಯಾಗಲಿ ಅವುಗಳಿಗೆ ಬೇಕಾಗಿರಲಿಲ್ಲ.

ಯುದ್ಧವಿಲ್ಲದೆ ಕೆಲಸ ಸಾಧಿಸುವ ಜಾಣ್ಮೆಯೂ ಅವನಲ್ಲಿತ್ತೆಂಬುದನ್ನು ಇಲ್ಲಿ ಮರೆಯಲಾಗದು. ಅರಬ್ಬಿ ಭಾಷೆ ಬಲ್ಲವನಾದ್ದರಿಂದ, 1492ರ ಜನವರಿ 2ರಂದು ಗ್ರಾನಾಡಾ ಶರಣಾಗುವ ಮುನ್ನ ಅಲ್ಲಿಯ ಕೊನೆಯ ಸುಲ್ತಾನ ಬೊಅಬ್ದಿಲನ ಕಡೆಯವರೊಡನೆ ಗುಟ್ಟಾಗಿ ನಡೆದ ಸಂಧಾನದಲ್ಲಿ ಅವನೂ ಪಾಲ್ಗೊಂಡಿದ್ದ. ಆ ಸುಲ್ತಾನನದೆನ್ನುವ, ದಂತದ ಹಿಡಿಯ ಖಡ್ಗ ಈಗ ಟೊಲೆಡೊದ ಆಲ್ಕಾಸಾರ್ ಕೋಟೆಯ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ಅಂಗಡಿಯ ಕತ್ತಿಯನ್ನು ಕೊಳ್ಳುವ ಮುನ್ನ ಇದನ್ನೊಮ್ಮೆ ನೋಡಿದವರಿಗೆ ಎರಕಕ್ಕೂ ಕೈಕೆಲಸಕ್ಕೂ ಇರುವ ಅಂತರ ಥಟ್ಟನೆ ತಿಳಿಯುತ್ತದೆ. ಆ ಕೈಕೆಲಸ ಊರಿನಿಂದ ಪೂರ್ತಿ ಮರೆಯಾಗಿಲ್ಲ. ಉಕ್ಕಿನ ಮೈಯಲ್ಲಿ ಗೀರು ಹಾಕಿ, ಚಿನ್ನದ ಎಳೆಯನ್ನು ಸಣ್ಣ ಸುತ್ತಿಗೆಯಿಂದ ಬಡಿದು ಕೂರಿಸಿ, ಉಳಿದ ಉಕ್ಕನ್ನು ಕಪ್ಪಾಗಿಸುವ 'ದಮಸ್ಕಿನಾದೊ' ಕಸುಬು ಇಂದಿಗೂ ಜೀವಂತವಾಗಿದೆ.

ಚಿಕ್ಕಪ್ಪನವರು ನಡುಮನೆಗೆ ಒಂದು ಕತ್ತಿ ಬೇಕೆಂದರೆ, ಅದನ್ನು ವಿಮಾನದ ಸರಕುಕೋಣೆಗೆ ಹೋಗುವ ಪೆಟ್ಟಿಗೆಯಲ್ಲೇ ತರಬೇಕಾಗುತ್ತದೆ; ಕೈಚೀಲದಲ್ಲಿ ಬಿಡುವುದಿಲ್ಲ. ಗೋಡೆಯಲ್ಲಿ ಅದರ ಪಕ್ಕಕ್ಕೆ ಚೆರಿನ್ಯೋಲಾದ ಅಗಳು, ಮಣ್ಣಿನ ಒಡ್ಡು ಮತ್ತು ಕೋವಿಯವರ ಸಾಲನ್ನು ತೋರಿಸುವ ನಕ್ಷೆಯೊಂದನ್ನೂ ತೂಗುಹಾಕಿದರೆ, ಮನೆಗೆ ಬರುವ ಮಕ್ಕಳಿಗೆ ಮಹಾದಳಪತಿಯ ಕಥೆಯನ್ನು ಸರಿಯಾಗಿ ಹೇಳಬಹುದು.

ಇಂತಿ,
ತಮ್ಮ ಆಶೀರ್ವಾದ ಬೇಡುವ ಅಣ್ಣನ ಮಗ