ಹೊರಗೋಡೆಯ ಬಣ್ಣ

ಮಲೆನಾಡಿನ ನಮ್ಮ ಮನೆಯ ಹೊರಗೋಡೆಗಳಿಗೆ ಇದ್ದುದು ಗಿಳಿಹಸಿರು. ನನ್ನಾಕೆ ಆರಿಸಿದ ಬಣ್ಣ. ಆಕೆ ತೀರಿಕೊಂಡು ಮೂರು ವರ್ಷಗಳಾದವು. ಈ ಸಂಕ್ರಾಂತಿಯ ಹೊತ್ತಿಗೆ ಮಗ ಅಂಗಡಿಯಿಂದ ಬಣ್ಣಗಳ ಪಟ್ಟಿ ತಂದು "ಅಪ್ಪಾ, ಗ್ರೇಜ್ ಮಾಡಿಸೋಣ" ಎಂದ. ಗ್ರೇ ಮತ್ತು ಬೇಜ್ ಕೂಡಿ ಆದ ಹೆಸರಂತೆ. ವ್ಯಾಕರಣ ಕಲಿಸಿದವನಿಗೆ ಈ ಸಂಧಿ ನಗು ತರಿಸಿತು. ಬೂದಿಗೆ ಮರಳು ಬೆರೆಸಿದಂಥ ಬಣ್ಣದ ಮನೆಯಲ್ಲಿ ಹೇಗಪ್ಪಾ ಇರುವುದು ಎಂದೂ ಅನಿಸಿತು.

ನನ್ನ ಬಾಲ್ಯದಲ್ಲಿ ಈ ಆಯ್ಕೆಯ ತಾಪತ್ರಯವಿರಲಿಲ್ಲ. ದೀಪಾವಳಿಗೆ ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣು. ಮಳೆಗಾಲದಲ್ಲಿ ಸಿಡಿಯುವ ಕೆಂಪು ಕೆಸರು ಆ ಪಟ್ಟಿಯಲ್ಲಿ ಕಾಣದೆ ಅಡಗುತ್ತಿತ್ತು. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು. ಬಿಸಿಲಿಗೆ ಬೇಗ ಮಾಸದು. ಗ್ರೇಜ್‌ನಂಥ ಮಂದ ಬಣ್ಣಗಳನ್ನು ಬೆರೆಸಲೂ ಸಾಮಾನ್ಯವಾಗಿ ಬಳಸುವುದು ಇದೇ ಆಕ್ಸೈಡಿನ ಕೆಂಪು, ಹಳದಿಗಳನ್ನು. ಅದನ್ನು ಕೇಳಿದ ಮೇಲೆ ನನ್ನ ವಿರೋಧ ತುಸು ಸಡಿಲಿತು.

ಪಟ್ಟಿಯ ಅಂಗುಲದಗಲದ ಚೌಕವನ್ನು ನಂಬಬಾರದೆಂದು ಮೇಸ್ತ್ರಿ ಎರಡು ಗೋಡೆಗಳ ಮೇಲೆ ಎರಡೆರಡು ಅಡಿ ಬಳಿದು ತೋರಿಸಿದರು. ಬಿಸಿಲು ಬಿದ್ದ ಪೂರ್ವದಲ್ಲಿ ಅದು ಬಹುತೇಕ ಬಿಳಿ. ನೆರಳಿನ ಉತ್ತರದಲ್ಲಿ ನೇರಳೆಯ ಛಾಯೆ! ಕಡೆಗೆ ತುಸು ಗಾಢವಾದ, ಹಳದಿಯ ಕಡೆಗೆ ವಾಲಿದ ಬಣ್ಣವನ್ನು ಒಪ್ಪಿದೆವು. ಇನ್ನೂ ಗಾಢವಾದರೆ ಗೋಡೆ ಬಿಸಿಲನ್ನು ಹೀರಿ ಕಾಯುತ್ತದೆ. ಬುಡದ ಪಟ್ಟಿ ಮಾತ್ರ ಕೆಮ್ಮಣ್ಣಿನ ಬಣ್ಣದ್ದೇ ಆಗಬೇಕೆಂದು ನಾನು ಹಟ ಹಿಡಿದೆ.

ಹಿತ್ತಿಲ ಗೋಡೆಯನ್ನು ಕೆರೆಯುತ್ತಾ ಬಂದ ಕೆಲಸದವರನ್ನು ಮಗನೇ ತಡೆದ. ತುಳಸಿಕಟ್ಟೆಯ ಹಿಂದೆ ಮೂರಡಿ ಗಿಳಿಹಸಿರು ಹಾಗೆಯೇ ಉಳಿದಿದೆ.