ಮಳೆಯಲ್ಲಿ ನಿಂತ ವೈಪರ್

ಕರಾವಳಿ, ಮಲೆನಾಡಿನಲ್ಲಿ ಕಾರು ಓಡಿಸುವವರಿಗೆ ವೈಪರ್ ಎಂಬುದು ಬ್ರೇಕಿನಷ್ಟೇ ಮುಖ್ಯ. ಆದರೆ ಮಳೆಯಿಲ್ಲದ ತಿಂಗಳುಗಳಲ್ಲಿ ಅದರ ನೆನಪು ಯಾರಿಗೂ ಬರುವುದಿಲ್ಲ. 1903ರಲ್ಲಿ ಅಮೆರಿಕದ ಮೇರಿ ಆಂಡರ್ಸನ್ ಎಂಬ ಮಹಿಳೆ ಕೈಯಿಂದ ಆಡಿಸುವ ವೈಪರಿಗೆ ಪೇಟೆಂಟ್ ಪಡೆದಾಗಲೂ ಅದನ್ನು ಕೊಳ್ಳಲು ಯಾವ ಕಂಪೆನಿಯೂ ಮುಂದೆ ಬರಲಿಲ್ಲವಂತೆ.

2012ರ ಜುಲೈಯ ಒಂದು ಸಂಜೆ ನಾವು ಮೂಡಿಗೆರೆಯಿಂದ ಮಂಗಳೂರಿಗೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಉಮ್ಮ. ಮರುದಿನ ಬೆಳಿಗ್ಗೆ ಅವರ ಕಣ್ಣಿನ ಶಸ್ತ್ರಚಿಕಿತ್ಸೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದಂತೆ ಮಳೆ ಜಡಿಯತೊಡಗಿತು. ಒಂದು ತಿರುವಿನಲ್ಲಿ ಚಾಲಕನ ಎದುರಿನ ವೈಪರ್ ನಿಂತೇಬಿಟ್ಟಿತು. ಒಂದು ಬದಿ ಬಂಡೆ, ಇನ್ನೊಂದು ಬದಿ ಪ್ರಪಾತ, ಎದುರಿಗೆ ಬರೀ ನೀರು. ಅಗಲ ಜಾಗ ನೋಡಿ ಬದಿಗೆ ನಿಲ್ಲಿಸಿದೆವು. ಉಮ್ಮ ತುಟಿ ಬಿಚ್ಚಲಿಲ್ಲ.

ಅಲ್ಲೇ ನಿಂತಿದ್ದ ಲಾರಿಯ ಚಾಲಕರು ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬಂದರು. "ಸ್ವಿಚ್ ಹಾಕಿ ಸಾಹೇಬ್ರೇ, ಮೋಟಾರಿನ ಸದ್ದು ಉಂಟಾ ನೋಡುವಾ" ಎಂದರು. ಸದ್ದು ಇತ್ತು. ಎಡಬದಿಯ ವೈಪರ್ ಆಡುತ್ತಲೂ ಇತ್ತು. "ಹಾಗಾದರೆ ಫ್ಯೂಸು, ಮೋಟಾರು ಎರಡೂ ಸರಿ ಉಂಟು. ನಟ್ಟು ಸಡಿಲ ಆಗಿದೆ" ಎಂದು ವೈಪರಿನ ಬುಡದ ಮುಚ್ಚಳ ಎಬ್ಬಿಸಿದರು. ಸ್ವಿಚ್ ಆಫ್ ಮಾಡಿಸಿ, ಕಡ್ಡಿಯನ್ನು ಅದರ ಜಾಗಕ್ಕೆ ಕೂರಿಸಿ, ಸ್ಪ್ಯಾನರಿನಿಂದ ನಟ್ಟು ಬಿಗಿದರು. ಐದು ನಿಮಿಷದ ಕೆಲಸ. ಹಣ ಕೊಡಹೋದರೆ, "ಅಮ್ಮನನ್ನು ಜಾಗ್ರತೆ ಕರ್ಕೊಂಡು ಹೋಗಿ" ಎಂದು ಲಾರಿ ಹತ್ತಿದರು.

ಅವರು ಕಲಿಸಿದ ಪರೀಕ್ಷೆ ಯಾರಿಗೂ ಉಪಯೋಗಕ್ಕೆ ಬರುವಂಥದ್ದು. ಎರಡೂ ವೈಪರ್ ನಿಂತು ಸದ್ದೂ ಇಲ್ಲದಿದ್ದರೆ ಮೊದಲು ಫ್ಯೂಸ್ ನೋಡಬೇಕು. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದ್ದು ಹಾಕಬೇಕು. ತಂತಿ ಸುತ್ತಿದರೆ ಬೆಂಕಿಯ ಅಪಾಯ. ಹೊಸದೂ ಸುಟ್ಟರೆ ವೈರಿಂಗಿನಲ್ಲೋ ಮೋಟಾರಿನಲ್ಲೋ ದೋಷವಿದೆ, ಅದು ಮೆಕ್ಯಾನಿಕ್ ಕೆಲಸ. ಫ್ಯೂಸ್ ಸರಿಯಿದ್ದರೆ ರಿಲೇ, ಸ್ವಿಚ್, ಮೋಟಾರುಗಳನ್ನು ಒಂದೊಂದಾಗಿ ನೋಡಿಸಬೇಕು. ಸದ್ದು ಇದ್ದೂ ಎರಡೂ ಆಡದಿದ್ದರೆ ಮೋಟಾರಿಗೂ ಕಡ್ಡಿಗಳಿಗೂ ನಡುವಿನ ಜೋಡಣೆ ಕಳಚಿರುವ ಸಾಧ್ಯತೆ ಹೆಚ್ಚು. ಏನೂ ಆಗದಿದ್ದರೆ ಮಳೆ ನಿಲ್ಲುವವರೆಗೆ ಕಾಯಬೇಕು. ಕಾಣದ ದಾರಿಯಲ್ಲಿ ಹೋಗುವುದು ಧೈರ್ಯವಲ್ಲ.

ಉಮ್ಮನ ಶಸ್ತ್ರಚಿಕಿತ್ಸೆ ಹೇಳಿದ ಹೊತ್ತಿಗೇ ನಡೆಯಿತು. ಈಗ ನಮ್ಮ ಡಿಕ್ಕಿಯಲ್ಲಿ ಸ್ಪ್ಯಾನರ್, ಫ್ಯೂಸ್ ಸದಾ ಇರುತ್ತವೆ. ಮಳೆಯಲ್ಲಿ ಯಾರದಾದರೂ ಗಾಡಿ ಬದಿಗೆ ನಿಂತಿದ್ದು ಕಂಡರೆ ನಾವೂ ನಿಲ್ಲಿಸಿ ವಿಚಾರಿಸುತ್ತೇವೆ. ಹೆಸರು ಕೇಳುವುದಿಲ್ಲ, ಆ ಚಾಲಕರೂ ನಮ್ಮ ಹೆಸರು ಕೇಳಿರಲಿಲ್ಲ.